ಆರು ಜೊತೆ ಕೈಗವಸು

ಕೆಜಾಯಾ ಬಾಗಿಲು ತೆಗೆದಾಗ ಹೊಸ್ತಿಲ ಹೊರಗೆ ಐದು ಜೊತೆ ಕೈಗವಸು ಬಿದ್ದಿದ್ದವು. ನಿನ್ನೆ ಸಂಜೆ ಅವಳೇ ಮನೆಮನೆಗೆ ಹೋಗಿ ಕೊಟ್ಟು ಬಂದ ಆರು ಜೊತೆಗಳಲ್ಲಿ ಐದು. ಹಿಂದಿರುಗಿಸಿದವರಲ್ಲಿ ಒಬ್ಬರೂ ಬಾಗಿಲು ತಟ್ಟಿರಲಿಲ್ಲ. ಹೆಣವಿರುವ ಮನೆಯ ಮುಂದೆ ಬಂದು ಬಾಗಿಲು ತಟ್ಟದೆ ಹೋಗುವುದೆಂದರೆ ಮುಖಕ್ಕೆ ಉಗಿದ ಹಾಗೆ.

ಒಳಗೆ ಅವಳ ಗಂಡ ಜೋಥಮ್, ಇನ್ಯಾರಿಗೋ ಎಂದು ತಾನೇ ಮಾಡಿಟ್ಟಿದ್ದ ಪೆಟ್ಟಿಗೆಯಲ್ಲಿ ಮಲಗಿದ್ದ. ಹಡಗುಕಟ್ಟೆಯ ಬಡಗಿ. ಒಳ್ಳೆಯ ಹೆಗಲು ಎಂದು ಬೀದಿಯಲ್ಲಿ ಹೆಸರಾದವನು. ಬಾಸ್ಟನ್ನಿನಲ್ಲಿ ಸಾವಾದರೆ ಹೆಣ ಹೊರಬೇಕಾದವರಿಗೆ ಆ ಮನೆಯವರು ಬಿಳಿ ತೊಗಲಿನ ಕೈಗವಸು ಕಳಿಸುತ್ತಾರೆ; ಅದೇ ಕರೆ. ಇಪ್ಪತ್ತು ವರ್ಷಗಳಿಂದ ಜೋಥಮ್‌ಗೆ ಆ ಕರೆ ತಪ್ಪಿರಲಿಲ್ಲ. ಹೊತ್ತು ಬಂದ ಮೇಲೆ ಒಳಮಗ್ಗುಲಲ್ಲಿ ಸತ್ತವರ ಹೆಸರು ಬರೆದು ಕೈಗವಸನ್ನು ಪೆಟಾರಿಗೆ ಸೇರಿಸುತ್ತಿದ್ದ. ಹೊಸದು ಕೊಳ್ಳಲು ಈಗ ಕೆಜಾಯಾಳಿಗೆ ಗತಿಯಿರಲಿಲ್ಲ, ಇಂಗ್ಲೆಂಡಿನ ಮಾಲು ಮುಟ್ಟಬಾರದೆಂದು ಊರಿನ ಕಟ್ಟಳೆ ಬೇರೆ. ಹಾಗಾಗಿ ಯಾವ ಜೊತೆ ಯಾವ ಮನೆಯಿಂದ ಬಂದಿತ್ತೋ ಅದೇ ಮನೆಗೆ ಕೊಟ್ಟು ಕರೆದಿದ್ದಳು.

ಐದು ಮನೆಯವರೂ ಬರುವುದಿಲ್ಲ ಎಂದಾಯಿತು.

ಕಾರಣ ಅವಳಿಗೆ ಗೊತ್ತಿತ್ತು. ಕಳೆದ ಡಿಸೆಂಬರಿನಲ್ಲಿ ಯಾರೋ ಹಡಗು ಹತ್ತಿ ಚಹಾದ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಸುರಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಲಂಡನ್ನಿನವರು ಜೂನ್ ತಿಂಗಳಿಂದ ಇಡೀ ಬಂದರಿಗೇ ಬೀಗ ಜಡಿದರು. ಹಡಗಿಲ್ಲದ ಊರಿನಲ್ಲಿ ಹಡಗಿನ ಬಡಗಿಗೆ ಏನು ಕೆಲಸ? ಚಳಿ ಹತ್ತಿರವಾಗುತ್ತಿದ್ದಂತೆ ಲಂಡನ್ನಿನಿಂದ ಬಂದ ಕೆಂಪಂಗಿ ಸಿಪಾಯಿಗಳು ತಂಗಲು ಬ್ಯಾರಕ್ ಕಟ್ಟಬೇಕು, ಆಳು ಬೇಕೆಂದರು. ಯಾರೂ ಉಳಿ ಮುಟ್ಟಕೂಡದು ಎಂದಿತು ಊರಿನ ಸಮಿತಿ. ಜೋಥಮ್ ಹೋದ. ನಾಲ್ಕನೆಯ ದಿನ ಅಟ್ಟಣಿಗೆಯಿಂದ ಬಿದ್ದ.

ಆರನೆಯ ಜೊತೆಯನ್ನು ಎದುರುಮನೆಯ ಸೈಲಸ್ ಕೈಯಲ್ಲೇ ಹಿಡಿದು ತಂದ. ಪೀಪಾಯಿ ಮಾಡುವವನು, ಸಮಿತಿಯಲ್ಲೂ ಇದ್ದವನು.

"ಹೊಸ್ತಿಲಲ್ಲಿ ಬಿಸಾಕಿ ಹೋಗೋಕೆ ಮನಸ್ಸು ಬರ್ಲಿಲ್ಲ ಅಕ್ಕ."

"ದೊಡ್ಡ ಉಪಕಾರ ಆಯ್ತು ಬಿಡಪ್ಪ."

"ಅಣ್ಣಂಗೆ ನಾನೇ ಎರಡು ಸಲ ಹೇಳ್ದೆ. ಸಿಪಾಯಿಗಳು ಚಳೀಲಿ ನಡುಗಲಿ, ಆಗ ತಾವಾಗೇ ಹಡಗು ಹತ್ತಿ ಹೋಗ್ತಾರೆ ಅಂತ. ಕೇಳಿದ್ರಾ?"

"ಸಮಿತಿ ಕೊಟ್ಟ ಅಕ್ಕಿ ಮೂರು ವಾರಕ್ಕೇ ಮುಗೀತು ಸೈಲಸ್. ಹೊಟ್ಟೆ ಕೇಳಬೇಕಲ್ಲ."

"ಎಲ್ಲರ ಮನೇಲೂ ಹೊಟ್ಟೆ ಇದೆ."

ಕೆಜಾಯಾ ಕೈಗವಸಿನ ಅಂಚು ಮಗುಚಿ ಅವನ ಮುಖಕ್ಕೆ ಹಿಡಿದಳು. ಒಳಗೆ ಅವನಪ್ಪನ ಹೆಸರಿತ್ತು. "ಇದನ್ನ ಓದು. ಆ ಜನವರೀಲಿ ಗುಡ್ಡದ ತುಂಬ ಮಂಜುಗಡ್ಡೆ. ಇವರ ಹೆಬ್ಬೆರಳ ಉಗುರು ಕಿತ್ತು ಬಂತು. ನಿಮ್ಮಪ್ಪನ ಪೆಟ್ಟಿಗೆ ಒಂದಿಷ್ಟಾದ್ರೂ ವಾಲ್ತಾ?"

ಸೈಲಸ್ ಓದಲಿಲ್ಲ. "ಇವತ್ತು ನಾನು ಹೊತ್ರೆ ನಾಳೆ ಹತ್ತು ಜನ ಬ್ಯಾರಕ್ ಕೆಲಸಕ್ಕೆ ಹೋಗ್ತಾರೆ ಅಕ್ಕ," ಎಂದು ಕೈಗವಸನ್ನು ಬೆಂಚಿನ ಮೇಲಿಟ್ಟು ಹೋದ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು.

ಮಧ್ಯಾಹ್ನ ಒಬ್ಬ ಸಾರ್ಜೆಂಟ್ ಬಂದು ಟೋಪಿ ತೆಗೆದು ನಿಂತ. ವಯಸ್ಸಾದವನು, ಕೆಟ್ಟವನಂತೆ ಕಾಣಲಿಲ್ಲ.

"ದೊರೆ ಕೆಲಸದಲ್ಲಿ ಪ್ರಾಣ ಬಿಟ್ಟೋರು ತಾಯಿ. ನಮ್ಮ ಹುಡುಗರು ಆರು ಜನ ಹೊರ್ತಾರೆ. ಮರ್ಯಾದೆಯಾಗಿ ಹೊರ್ತಾರೆ."

ಬೀದಿಯಲ್ಲಿ ಪೀಪಾಯಿ ಬಡಿಯುವ ಸದ್ದು ನಿಂತಿತು. ಕೆಜಾಯಾ ಒಂದು ಗಳಿಗೆ ಪೆಟ್ಟಿಗೆಯ ಕಡೆ ನೋಡಿದಳು. ಹೂಂ ಎಂದರೆ ಸಾಕು, ಹೊರುವವರಿಲ್ಲದೆ ಗಂಡ ಬಂಡಿಯಲ್ಲಿ ಕುಲುಕಾಡುತ್ತ ಹೋಗುವುದು ತಪ್ಪುತ್ತಿತ್ತು.

"ನಿಮ್ಮೋರು ಹೊತ್ರೆ ಇವರು ಸತ್ತ ಮೇಲೂ ನಿಮ್ಮೋರೇ ಆಗೋಗ್ತಾರೆ," ಎಂದಳು. "ನಾಲ್ಕು ದಿನ ಕೊಟ್ಟಿದ್ದು ಸಾಕು ಸ್ವಾಮಿ. ಹೊರಡಿ."

ಮೂರು ಗಂಟೆಗೆ ಪಕ್ಕದ ಮನೆಯ ಮುದುಕಿ ಡಾರ್ಕಸ್ ಇಬ್ಬರು ಸೊಸೆಯರನ್ನು ಕರೆದುಕೊಂಡು ಬಂದಳು. "ಗಂಡಸರಿಗೆ ಸಮಿತಿ ಇದೆ. ನಮಗ್ಯಾವ ಸಮಿತಿ? ಎತ್ರೇ," ಎಂದಳು. ಹೆಂಗಸರು ಹೆಣ ಹೊತ್ತದ್ದನ್ನು ಆ ಬೀದಿ ಕಂಡಿರಲಿಲ್ಲ. ನಾಲ್ವರೂ ಕೈಗವಸು ತೊಟ್ಟರು. ಬೆರಳ ತುದಿಗಳು ಖಾಲಿಯಾಗಿ ಜೋಲುತ್ತಿದ್ದವು. ಕೆಜಾಯಾ ತೊಟ್ಟದ್ದು ಸೈಲಸನ ಅಪ್ಪನ ಜೊತೆ.

ಗುಡ್ಡದ ಏರಿನಲ್ಲಿ ಕೆಸರಿತ್ತು. ಡಾರ್ಕಸಳ ಕಾಲು ಜಾರಿ ಪೆಟ್ಟಿಗೆ ಒಂದು ಕಡೆ ವಾಲಿತು. ಒಳಗೆ ಜೋಥಮ್ ಸರಿದ ಸದ್ದು ನಾಲ್ವರಿಗೂ ಕೇಳಿಸಿತು. ಸ್ಮಶಾನದ ಗೋಡೆಯ ಬಳಿ ಸೈಲಸ್ ನಿಂತಿದ್ದ. ಅವನ ಬರಿಗೈ ಜೇಬಿನಿಂದ ಹೊರಬಂದು ಅರ್ಧ ಚಾಚಿತು. ಮತ್ತೆ ಜೇಬಿಗೆ ಹೋಯಿತು. ಕೆಜಾಯಾ ಮಂಡಿಯೂರಿ, ಒಂದು ಕೈ ಕೆಸರಿಗೆ ಕೊಟ್ಟು, ಇನ್ನೊಂದರಿಂದ ಪೆಟ್ಟಿಗೆ ಎತ್ತಿ ಹಿಡಿದಳು.

ಮಣ್ಣು ಮುಗಿಸಿ ಬಂದ ಮೇಲೆ ಐದು ಜೊತೆಗಳನ್ನು ಪೆಟಾರಿಗೆ ಹಾಕಿದಳು. ಆರನೆಯದನ್ನು ತೊಳೆಯಲಿಲ್ಲ. ಹೆಸರು ಕಾಣುವಂತೆ ಅಂಚು ಮಗುಚಿ, ಬೀದಿ ದಾಟಿ ಹೋಗಿ, ಸೈಲಸನ ಮುಂಬಾಗಿಲ ಚಿಲಕಕ್ಕೆ ಸಿಕ್ಕಿಸಿ ಬಂದಳು.

ಅದಕ್ಕೆ ಮೆತ್ತಿದ್ದ ಕೆಸರು ಒಣಗಿ ಬಿರುಕು ಬಿಟ್ಟಿತು. ಕೈಗವಸನ್ನು ಯಾರೂ ಒಳಗೆ ಒಯ್ಯಲಿಲ್ಲ, ಯಾರೂ ಕಿತ್ತೆಸೆಯಲಿಲ್ಲ. ಸೈಲಸ್ ಹಿತ್ತಿಲ ಬಾಗಿಲಿನಿಂದ ಓಡಾಡತೊಡಗಿದ.