ತೊಟ್ಟಿಯಲ್ಲಿದ್ದ ಒಂದೇ ರಾಂಚು

"ಅಯ್ಯೋ, ಅದು ಮೀನಿನ ತೊಟ್ಟಿ ಕಣ್ರೀ, ಕೈ ತೊಳೆಯೋದಲ್ಲ!" ಎಂದು ಕೂಗುತ್ತಲೇ ಅವಳು ಹಿತ್ತಿಲಿಗೆ ಓಡಿದಳು. ಗಂಡನನ್ನು ಮಣ್ಣು ಮಾಡಿ ಬಂದು ಗಂಟೆಯೂ ಆಗಿರಲಿಲ್ಲ. ಬಂದವರಲ್ಲಿ ಯಾರೋ ಪುಣ್ಯಾತ್ಮ ಸಿಮೆಂಟ್ ತೊಟ್ಟಿಗೆ ಸೋಪಿನ ಕೈ ಅದ್ದಲು ಹೊರಟಿದ್ದ. ಐದು ಕಿತ್ತಳೆ ಬಣ್ಣದ ಮೀನುಗಳು ಮೂಲೆಗೆ ಸರಿದಿದ್ದವು. ಐದಕ್ಕೂ ತಲೆ ತುಂಬ ಗಂಟು, ಐದಕ್ಕೂ ಬೆನ್ನ ಮೇಲೆ ರೆಕ್ಕೆಯಿಲ್ಲ. ನಾಲ್ಕು ಲಯನ್‌ಹೆಡ್ ಜಾತಿಯವು, ಒಂದು ರಾಂಚು ಜಾತಿಯದು. ಯಾವುದು ಯಾವುದೆಂದು ದೇವರಿಗೇ ಗೊತ್ತು, ಇಲ್ಲವೇ ಈಗಷ್ಟೇ ಮಣ್ಣಿಗೆ ಹೋದವನಿಗೆ.

"ಅತ್ತಿಗೆ, ಅಂಗಡಿಯವಳು ಬಂದಿದಾಳೆ," ನಾದಿನಿ ಬಾಗಿಲಲ್ಲಿ ಪಿಸುಗುಟ್ಟಿದಳು. "ಅತ್ತೂ ಅತ್ತೂ ಮುಖ ಊದಿಹೋಗಿದೆ, ಪಾಪ."

"ನನ್ನದೇನು ಊದಿಲ್ವಾ?"

ಅಂಗಡಿಯವಳೆಂದರೆ ಗಂಡನ ಬಣ್ಣದ ಮೀನಿನ ಅಂಗಡಿಯಲ್ಲಿ ಹದಿನೆಂಟು ವರ್ಷ ದುಡಿದ ಹೆಂಗಸು. ನಲವತ್ತು ದಾಟಿ ಕೂದಲು ನೆರೆತರೂ ಅವನ ಬಾಯಲ್ಲಿ ಮಾತ್ರ ಇನ್ನೂ "ಹುಡುಗಿ".

*

ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಅವನು ತೊಟ್ಟಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ.

"ಹೇಳೇ, ರಾಂಚು ಯಾವುದು?"

ಅವಳು ಬಗ್ಗಿ ನೋಡಿ ಬೆರಳು ತೋರಿಸುತ್ತಿದ್ದಳು.

"ಥೂ, ಅದು ಲಯನ್‌ಹೆಡ್ಡು ಕಣೇ!" ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಎಷ್ಟೋ ಮೀನು ಸತ್ತವು, ಹೊಸವು ಬಂದವು, ಪ್ರಶ್ನೆ ಬದಲಾಗಲಿಲ್ಲ. ಒಮ್ಮೆ ನಗುನಗುತ್ತಲೇ ಅಂದುಬಿಟ್ಟ: "ಅಂಗಡಿ ಹುಡುಗೀನ ನೋಡು, ಮೂರೇ ದಿನಕ್ಕೆ ಕಲಿತಳು." ಅಂದವನು ಮರೆತ. ಅವಳ ಗಂಟಲಲ್ಲಿ ಆ ಮಾತು ಮುಳ್ಳಾಗಿ ಉಳಿಯಿತು.

*

ಅಂಗಡಿಯವಳು ಕೈಯಲ್ಲೊಂದು ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದಳು.

"ಅಮ್ಮಾ, ಇವತ್ತು ಕೇಳಬಾರದು... ಆ ರಾಂಚು ನಂಗೆ ಕೊಡ್ತೀನಿ ಅಂದಿದ್ರು ಯಜಮಾನ್ರು."

"ನಂಗೇನೂ ಹೇಳಿರ್ಲಿಲ್ಲಪ್ಪ. ತಗೊಂಡ್ಹೋಗು. ನಿಂಗೆ ಗುರುತು ಸಿಗದೆ ಇರುತ್ತಾ?"

ಅಂಗಡಿಯವಳು ಬಗ್ಗಿದಳು. ಆ ಕಡೆಯಿಂದ ನೋಡಿದಳು, ಈ ಕಡೆಯಿಂದ ನೋಡಿದಳು. ಕೊನೆಗೆ ಮುಖ ಸಣ್ಣಗೆ ಮಾಡಿಕೊಂಡಳು.

"ಮೇಲಿಂದ ಗೊತ್ತಾಗ್ತಿಲ್ಲಮ್ಮ. ಅಂಗಡೀಲಿ ಗಾಜಿನ ತೊಟ್ಟಿ ಅಲ್ವಾ, ಪಕ್ಕದಿಂದ ನೋಡಿ ಅಭ್ಯಾಸ. ರಾಂಚು ಬೆನ್ನು ಗೂನು, ಬಾಲದ ಹತ್ರ ಕೆಳಕ್ಕೆ ಬಾಗಿರುತ್ತೆ. ಲಯನ್‌ಹೆಡ್ದು ನೆಟ್ಟಗೆ. ಮೇಲಿಂದ ಹೇಳೋದು ಯಜಮಾನ್ರಿಗೆ ಮಾತ್ರ ಆಗ್ತಿತ್ತು. ಒಂದು ಗಾಜಿನ ಜಾಡಿ ಇದ್ರೆ ಕೊಡಿ."

ಅಷ್ಟೇನಾ! ಇಷ್ಟು ವರ್ಷ ತನ್ನನ್ನು ದಡ್ಡಿ ಮಾಡಿದ್ದು ಇಷ್ಟೇನಾ! ಅಡುಗೆಮನೆಯ ಕಿಟಕಿಯಲ್ಲಿ ಸಕ್ಕರೆಯ ಗಾಜಿನ ಜಾಡಿ ಎದ್ದು ಕಾಣುತ್ತಿತ್ತು. ಅವಳು ಹೋಗಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಗಾಜಿಂದು ನಮ್ಮನೇಲಿ ಯಾವುದೂ ಇಲ್ಲ."

ಅಂಗಡಿಯವಳು ಅಂದಾಜಿನ ಮೇಲೆ ಒಂದನ್ನು ಹಿಡಿದು ಡಬ್ಬಿಗೆ ಹಾಕಿಕೊಂಡಳು. ಹೊರಟವಳು ಬಾಗಿಲಲ್ಲಿ ನಿಂತಳು.

"ನಿಮ್ಮ ಮಾತು ಆಡದ ದಿನ ಇಲ್ಲಮ್ಮ ಅವ್ರು. ನೀವು ಸರಿಯಾಗಿ ತೋರಿಸಿದ ದಿನಾನೂ ತಪ್ಪು ಅಂತಿದ್ರಂತೆ. ಇಲ್ದಿದ್ರೆ ಆಟ ಮುಗಿದುಹೋಗುತ್ತಲ್ಲ ಅಂತ."

"ಇಬ್ಬರೂ ಸೇರ್ಕೊಂಡು ನಕ್ಕಿದ್ದಾಯ್ತಲ್ಲ," ಎಂದಳು ಅವಳು.

"ನಾನೆಲ್ಲಿ ನಗ್ಲಿ? ನಂಗೆ ಹೊಟ್ಟೆ ಉರೀತಿತ್ತು," ಎಂದು ಅಂಗಡಿಯವಳು ಹೊರಟುಹೋದಳು.

ಮನೆ ಖಾಲಿಯಾಗುವವರೆಗೆ ಕಾದು, ಅವಳು ಸಕ್ಕರೆಯನ್ನು ತಟ್ಟೆಗೆ ಸುರಿದು ಜಾಡಿ ತೊಳೆದು, ಮೀನುಗಳನ್ನು ಒಂದೊಂದಾಗಿ ಅದರಲ್ಲಿ ಹಿಡಿದು ನೋಡಿದಳು. ಮೊದಲನೆಯದರ ಬೆನ್ನು ನೆಟ್ಟಗಿತ್ತು. ಎರಡನೆಯದೂ ನೆಟ್ಟಗೆ. ಮೂರನೆಯದು ಜಾಡಿಯಲ್ಲಿ ಪಕ್ಕಕ್ಕೆ ತಿರುಗಿತು: ಗೂನು ಬೆನ್ನು, ಬಾಲದ ಬಳಿ ಬಾಗು.

"ರೀ, ಇದೇ ರಾಂಚು!" ಎಂದು ಜಾಡಿಯನ್ನು ಸ್ಟೂಲಿನತ್ತ ಎತ್ತಿ ಹಿಡಿದಳು. ಗೆದ್ದೆ ಎಂದುಕೊಂಡಳು. ಸ್ಟೂಲಿನ ಮೇಲೆ ಯಾರೋ ಟೀ ಕುಡಿದ ಲೋಟ ಇಟ್ಟು ಹೋಗಿದ್ದರು.

ಅವಸರವಸರವಾಗಿ ಜಾಡಿಯನ್ನು ತೊಟ್ಟಿಗೆ ಬಗ್ಗಿಸಿದಳು. ಮೀನು ಜಾರಿ ಉಳಿದವುಗಳ ಜೊತೆ ಸೇರಿಕೊಂಡಿತು. ನಾಲ್ಕೂ ಒಂದೇ ಥರ ಸುತ್ತತೊಡಗಿದವು. ಅವಳು ಲೋಟ ತೆಗೆದು ಸ್ಟೂಲನ್ನು ಒರೆಸಿ, ತಾನು ನೆಲದ ಮೇಲೆ ಕುಳಿತು, ಬಗ್ಗಿ, ಒಂದು ಮೀನಿನ ಕಡೆಗೆ ಬೆರಳು ತೋರಿಸಿದಳು.