ಸಾಯದಿರುವ ಪಾಠ

"ಕೈ ಎಲ್ಲಿಟ್ಟಿದ್ದೀಯೇ ಕತ್ತೆಮುಂಡೇದೆ? ನನ್ ಕಣ್ಗೆ ಕಾಣಂಗಿಡು ಅಂತ ಎಷ್ಟ್ ಸಲ ಬೊಗಳ್ಬೇಕು?"

ಬೈಯುತ್ತಿದ್ದವನು ಪೊಲೀಸನಲ್ಲ, ಪೊಲೀಸನಂತೆ ನಟಿಸುತ್ತಿದ್ದ ಸೋದರಮಾವ ರೂಫಸ್. ಅಮೆರಿಕದ ಜಾರ್ಜಿಯಾದ ನಮ್ಮ ಕಪ್ಪುಜನರ ಕೇರಿಯಲ್ಲಿ ಭಾನುವಾರದ ಪ್ರಾರ್ಥನೆ ಆಗಷ್ಟೇ ಮುಗಿದಿತ್ತು. ಚರ್ಚಿನ ಹಿತ್ತಲಲ್ಲಿ ಅವನ ಅಕ್ಕ ಒಡೆಸ್ಸಾಳ ಹಳೇ ಕಾರು ನಿಂತಿತ್ತು. ಸ್ಟೀರಿಂಗ್ ಹಿಡಿದು ಕೂತವಳು ಅವಳ ಮಗಳು ಜಾಸ್ಲಿನ್. ವಯಸ್ಸು ಹದಿನಾರು, ಲೈಸೆನ್ಸ್ ಕೈಗೆ ಬಂದು ಮೂರು ದಿನ.

ಲೈಸೆನ್ಸ್ ತೋರಿಸು ಎಂದ ಮಾವ. ಜಾಸ್ಲಿನ್ ಪಕ್ಕದ ಚೀಲಕ್ಕೆ ಕೈ ಹಾಕಿದಳು. ರೂಫಸ್ ತೋರುಬೆರಳನ್ನು ಅವಳ ಹಣೆಗೆ ಗುರಿಯಿಟ್ಟು "ಢಂ" ಎಂದ. ಕುರ್ಚಿ ಹಾಕಿಕೊಂಡು ಕರಿದ ಕೋಳಿ ಚೀಪುತ್ತಿದ್ದ ಹೆಂಗಸರು, ಅಯ್ಯೋ ಮತ್ತೆ ಹೋಯ್ತಲ್ಲೇ ಕೂಸು ಎಂದು ನಕ್ಕರು. ಆ ಮಧ್ಯಾಹ್ನ ಜಾಸ್ಲಿನ್ ನಾಲ್ಕು ಸಲ ಸತ್ತಳು.

ಕೇರಿಯ ಯಾವ ಮಗುವಿಗೆ ಲೈಸೆನ್ಸ್ ಬಂದರೂ ಇದೇ ಹಿತ್ತಲಲ್ಲಿ, ಪೊಲೀಸರು ಕಾರು ತಡೆದರೆ ಹೇಗಿರಬೇಕೆಂಬ ಈ ಪರೀಕ್ಷೆ. ಗುಡ್ಡದ ಮೇಲಿನ ಬಿಳಿಯರ ಬಡಾವಣೆಯಲ್ಲಿ ಅಪ್ಪಂದಿರು ಮಕ್ಕಳಿಗೆ ಕಾರು ಹಿಂದಕ್ಕೆ ತೆಗೆದು ನಿಲ್ಲಿಸುವುದನ್ನು ಕಲಿಸುತ್ತಾರೆ. ನಮ್ಮವರು ಅದನ್ನೂ ಕಲಿಸುತ್ತಾರೆ, ಜೊತೆಗೆ ಪ್ರಾಣಸಮೇತ ಮನೆಗೆ ಬರುವುದನ್ನೂ. ನಮ್ಮ ಸಿಲೆಬಸ್ಸು ತುಸು ದೊಡ್ಡದು. ಕೈ ಸ್ಟೀರಿಂಗಿನ ಮೇಲಿರಬೇಕು, ಹೇಳದೆ ಅಲುಗಿದರೆ ಬಂದೂಕಿಗೆ ಕೈ ಹಾಕಿದಳೆಂದು ಸುಡುತ್ತಾರೆ, ಯಾಕೆ ಎಂದು ಕೇಳಬಾರದು, ಮಾತಿಗೊಂದು ಸಾರ್ ಇರಬೇಕು. ನಗಬಾರದು. ಮುಖ ಗಂಟಿಕ್ಕಲೂ ಬಾರದು. ಹಾಗಾದರೆ ಮುಖವನ್ನು ಏನು ಮಾಡಬೇಕು ಎಂದು ಜಾಸ್ಲಿನ್ ಕೇಳಿದ್ದಕ್ಕೆ ರೂಫಸ್ ತಲೆ ಕೆರೆದುಕೊಂಡ.

ಒಡೆಸ್ಸಾ ನಗಲಿಲ್ಲ. ಇಪ್ಪತ್ತು ವರ್ಷದಿಂದ ಶಾಲೆಯ ಬಸ್ಸು ಓಡಿಸುವ ಹೆಂಗಸು, ಊರಿನ ಮಕ್ಕಳನ್ನೆಲ್ಲ ಮನೆ ಮುಟ್ಟಿಸಿದವಳು. ಈಗ ಸ್ವಂತ ಮಗಳ ಸರದಿ. ಗುಡ್ಡದ ಮೇಲಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಬೇಸಿಗೆ ಕೆಲಸ ಜಾಸ್ಲಿನ್‌ಗೆ ಸಿಕ್ಕಿತ್ತು. ಎಂಟು ದಿನ ಕಳೆದು ಸೋಮವಾರದಿಂದ ಒಬ್ಬಳೇ ಓಡಿಸಿಕೊಂಡು ಹೋಗಬೇಕು. ಅದನ್ನು ನೆನೆದರೆ ಒಡೆಸ್ಸಾಳಿಗೆ ಅನ್ನ ನೀರು ಸೇರುತ್ತಿರಲಿಲ್ಲ. ಚೀಲಕ್ಕೆ ಕೈ ಹಾಕಿದ್ದರಿಂದ ತಾನೇ ಮಗಳು ನಾಲ್ಕು ಸಲವೂ ಸತ್ತದ್ದು? ರಾತ್ರಿಯೇ ಒಂದು ಪಾರದರ್ಶಕ ಪ್ಲಾಸ್ಟಿಕ್ ಲಕೋಟೆ ಹುಡುಕಿ, ಲೈಸೆನ್ಸು, ಕಾರಿನ ಕಾಗದ, ವಿಮೆ ಎಲ್ಲ ಅದರಲ್ಲಿಟ್ಟು, ಸ್ಟೀರಿಂಗ್ ಪಕ್ಕ ಎದ್ದು ಕಾಣುವಂತೆ ಸಿಕ್ಕಿಸಿದಳು. ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡಳು.

ಬುಧವಾರ ಮಧ್ಯಾಹ್ನ ತಾಯಿಮಗಳು ದಾರಿ ನೋಡಿಕೊಂಡು ಬರಲು ಕಾರಿನಲ್ಲಿ ಗುಡ್ಡ ಹತ್ತಿದರು. ಮೂರು ಬೀದಿ ದಾಟುವಷ್ಟರಲ್ಲಿ ಪೊಲೀಸ್ ಕಾರೊಂದು ಹಿಂದೆ ಬಿತ್ತು. ನಾಲ್ಕನೆಯ ಬೀದಿಯಲ್ಲಿ ನೀಲಿ ದೀಪ ಹೊತ್ತಿಕೊಂಡಿತು.

ಜಾಸ್ಲಿನ್ ಪಾಠದಲ್ಲಿ ಒಂದಂಶವೂ ತಪ್ಪಲಿಲ್ಲ. ನಿಲ್ಲಿಸಿದಳು, ಗಾಜು ಇಳಿಸಿದಳು, ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟಳು. ಬಂದವನು ಇಪ್ಪತ್ತೈದರ ಹುಡುಗ, ಕೆನ್ನೆಯ ಮೊಡವೆ ಇನ್ನೂ ಆರಿರಲಿಲ್ಲ. ಏನು ತಪ್ಪಾಯಿತು ಎಂದು ಇವರು ಕೇಳುವ ಹಾಗಿಲ್ಲ. ಅವನೇ ಹೇಳಿದ. ಇಲ್ಲಿ ಇಪ್ಪತ್ತೈದು ಮೈಲಿ ವೇಗದಲ್ಲಿ ಹೋಗಬಹುದು, ನೀವು ಇಪ್ಪತ್ತೆರಡರಲ್ಲಿ ಹೋಗುತ್ತಿದ್ದೀರಿ, ಅನುಮಾನ ಬಂತು ಎಂದ.

"ಕಾಗದ ಈ ಲಕೋಟೇಲಿದೆ ಸಾರ್. ಬಲಗೈಲಿ ತಕ್ಕೊಡ್ತೀನಿ ಸಾರ್," ಎಂದಳು ಜಾಸ್ಲಿನ್.

ಅವನು ಲಕೋಟೆ ನೋಡಿದ, ಅವಳ ಕೈ ನೋಡಿದ. ಮುಖದಲ್ಲಿ ಪತ್ತೇದಾರನ ಕಳೆ ಬಂತು.

"ಎಲ್ಲ ಮೊದ್ಲೇ ರೆಡಿ ಮಾಡ್ಕೊಂಡಿದ್ದೀರಲ್ಲ. ಪೊಲೀಸ್ ಹಿಡೀತಾರೆ ಅಂತ ಮೊದ್ಲೇ ಗೊತ್ತಿತ್ತಾ? ಇಷ್ಟ್ ಚೆನ್ನಾಗಿ ಕಲ್ತಿದ್ದೀಯಲ್ಲ ಹುಡುಗಿ, ಎಷ್ಟ್ ಸಲ ಸಿಕ್ಬಿದ್ದಿದ್ದೀಯ?"

ಒಡೆಸ್ಸಾ ಲಕೋಟೆಯತ್ತ ನೋಡಿದಳು. ಮಗಳು ಬದುಕಲಿ ಎಂದು ತಾನೇ ಕೈಯಾರೆ ಕಟ್ಟಿದ ಲಕೋಟೆ.

ಇಬ್ಬರನ್ನೂ ಇಳಿಸಿ ರಸ್ತೆಯಂಚಿನ ಕಲ್ಲಿನ ಮೇಲೆ ಕೂರಿಸಿದ. ಕಾರು ಜಾಲಾಡುವುದಕ್ಕೆ ನಿಮ್ಮ ಒಪ್ಪಿಗೆ ಇದೆ ತಾನೇ ಎಂದು ಕೇಳಿದವನು ಉತ್ತರಕ್ಕೆ ಕಾಯಲಿಲ್ಲ. ಟವೆಲು, ಈಜುಟೋಪಿ, ಸೀಟಿ, ಮಕ್ಕಳು ತೇಲಲು ಹಿಡಿದುಕೊಳ್ಳುವ ಹಲಗೆಗಳು, ಒಡೆಸ್ಸಾಳ ಊಟದ ಡಬ್ಬಿ, ಒಂದೊಂದೇ ಡಾಂಬರಿನ ಮೇಲೆ ಬಿತ್ತು. ಡಬ್ಬಿಯ ಮುಚ್ಚಳ ತೆಗೆದು ಬೀನ್ಸು ಮೂಸಿದ. ನಾಯಿ ಹಿಡಿದು ಹೊರಟಿದ್ದ ಬಿಳಿ ಹೆಂಗಸೊಬ್ಬಳು ಆಚೆ ಬದಿಯಲ್ಲಿ ನಿಂತು, ನಿಮಗೇನೂ ತೊಂದರೆಯಿಲ್ಲವಷ್ಟೆ ಎಂದು ವಿಚಾರಿಸಿದಳು. ಕೇಳಿದ್ದು ಪೊಲೀಸನನ್ನು.

ಅರ್ಧ ಗಂಟೆಯಾದರೂ ಏನೂ ಸಿಗಲಿಲ್ಲ. ಸಿಗದ್ದಕ್ಕೆ ಅವನಿಗೆ ಬೇಸರವಾಯಿತೇನೋ, ಲಕೋಟೆಯನ್ನು ಕಾರಿನ ಮೇಲೆ ಎಸೆದ.

"ಆಯ್ತು, ಬಾಚ್ಕೊಂಡು ಹೊರಡಿ. ಮುಂದಿನ್ಸಲ ಇಷ್ಟೆಲ್ಲ ತಯಾರಿ ಬೇಡಮ್ಮ. ನಮ್ ಹಂಗೆ ಸಹಜವಾಗಿರಿ."

"ಆಗ್ಲಿ ಸಾರ್. ಉಪಕಾರ ಆಯ್ತು ಸಾರ್," ಎಂದಳು ಒಡೆಸ್ಸಾ. ಅದೂ ಪಾಠದಲ್ಲಿದ್ದದ್ದೇ. ಮೊಣಕಾಲೂರಿ ಟವೆಲು ಮಡಚತೊಡಗಿದಳು. ಮಗಳು ಕೈಜೋಡಿಸುತ್ತಾಳೆಂದು ತಿರುಗಿ ನೋಡಿದರೆ ಅವಳು ಕಲ್ಲು ಬಿಟ್ಟು ಎದ್ದೇ ಇರಲಿಲ್ಲ.

"ಏಳೇ, ನಿನ್ ದಮ್ಮಯ್ಯ," ಎಂದು ಪಿಸುಗುಟ್ಟಿದಳು.

"ಕಿತ್ ಹಾಕಿದ್ದು ಅವ್ರು ಕಣವ್ವ. ಅವ್ರೇ ತುಂಬ್ಲಿ." ಜಾಸ್ಲಿನ್ ದನಿ ಏರಿಸಲಿಲ್ಲ.

ಪೊಲೀಸ್ ತಿರುಗಿ ನಿಂತ. "ಏನಂದೆ?"

ರೂಫಸನ ಪಾಠದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವಳ ಮಾತಿನಲ್ಲಿ ಬೈಗುಳವಿಲ್ಲ, ಕೈಯಲ್ಲಿ ಏನೂ ಇಲ್ಲ, ಓಡುವವಳಂತೂ ಅಲ್ಲ. ಸುಮ್ಮನೆ ಕೂತವಳನ್ನು ಏನು ಮಾಡಬೇಕೆಂದು ಪೊಲೀಸನಿಗೂ ತೋಚಲಿಲ್ಲ. ಭುಜದ ಮೇಲಿನ ರೇಡಿಯೋಗೆ ಬಾಯಿ ಕೊಟ್ಟು, ಇನ್ನೊಂದು ಗಾಡಿ ಕಳಿಸಿ, ಇಲ್ಲಿಬ್ಬರು ತಕರಾರು ಮಾಡುತ್ತಿದ್ದಾರೆ ಎಂದ.

ಇಬ್ಬರು. ಟವೆಲು ಮಡಚುತ್ತಿದ್ದವಳೂ ಲೆಕ್ಕಕ್ಕೆ ಸೇರಿದ್ದಳು. ಒಡೆಸ್ಸಾಳಿಗೆ ಭಯದ ಜೊತೆಗೇ ಸಿಟ್ಟೂ ಎದ್ದಿತು. ಇಪ್ಪತ್ತು ವರ್ಷ ಇಂಥ ಹುಡುಗರನ್ನೇ ಬಸ್ಸಿನಲ್ಲಿ ಕೂರಿಸಿ, ಮೂಗು ಒರೆಸಿ, ಮನೆ ಬಾಗಿಲಿಗೆ ಬಿಟ್ಟಿದ್ದಳು. ಮಡಚಿದ ಟವೆಲನ್ನು ಮತ್ತೆ ಕೊಡವಿ, ಎಲ್ಲಿತ್ತೋ ಅಲ್ಲೇ ರಸ್ತೆಯ ಮೇಲೆ ಹಾಸಿದಳು. ಹೋಗಿ ಮಗಳ ಪಕ್ಕ ಕೂತಳು.

"ಬರ್ಲಿ ಬಿಡಿ ಸಾರ್. ತುಂಬಕ್ಕೆ ನಿಮಗೂ ಇನ್ನೊಬ್ರು ಬೇಕಲ್ಲ," ಎಂದಳು.

ಗುಡ್ಡದ ಕೆಳಗಿನಿಂದ ಸೈರನ್ನು ಏರಿ ಬರುತ್ತಿತ್ತು.