ಮದುವೆಯಾಗದ ಮ್ಯಾನೇಜರ್

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸುಂಟಿಕೊಪ್ಪದ ಹತ್ತಿರ ಕಾಫಿ ಎಸ್ಟೇಟ್ ಇಟ್ಟುಕೊಂಡಿದ್ದ ಪೂವಯ್ಯನವರು ತಮ್ಮ ನೌಕರರ ಸಂಬಳದ ತೆರಿಗೆ ಫಾರಂಗಳನ್ನು ತಾವೇ ಕೂತು ತುಂಬಿದರು. ಮ್ಯಾನೇಜರ್ ಶಾಂತಪ್ಪನ ಫಾರಂನಲ್ಲಿ ಮದುವೆಯ ಕಾಲಂ ಬಂದಾಗ ಯಾರನ್ನೂ ಕೇಳದೆ ‘ಅವಿವಾಹಿತ’ ಎಂದು ಬರೆದು ಕಳಿಸಿಬಿಟ್ಟರು.

ಕೇಳುವುದಾದರೂ ಏನನ್ನು? ಎರಡು ವರ್ಷದಿಂದ ಆಸಾಮಿ ಕ್ವಾರ್ಟರ್ಸಿನಲ್ಲಿ ಒಂಟಿಯಾಗಿ ಅನ್ನ ಬೇಯಿಸಿಕೊಂಡಿದ್ದ. ಯಾರಾದರೂ ಮದುವೆಯ ಮಾತೆತ್ತಿದರೆ ಹಲ್ಲು ಕಿರಿದು ಸುಮ್ಮನಾಗುತ್ತಿದ್ದ. ನಿಜಕ್ಕೆ ಅವನಿಗೆ ಮದುವೆಯಾಗಿತ್ತು. ಹೆಂಡತಿ ಚನ್ನಬಸಮ್ಮ ಶನಿವಾರಸಂತೆ ಪೇಟೆಯಲ್ಲಿ ಗೋಣಿತಾಟು ಹಾಸಿಕೊಂಡು, ಗಂಟಲು ಹರಿಯುವಂತೆ ಕೂಗಿ ಒಣಮೆಣಸಿನಕಾಯಿ ಮಾರುವವಳು. ಇವನು ಓದಿ ಪಾಸಾದದ್ದು, ಮೊದಲ ಪ್ಯಾಂಟು ಹೊಲಿಸಿದ್ದು ಅದೇ ಮೆಣಸಿನಕಾಯಿಯ ದುಡ್ಡಿನಲ್ಲಿ. ಮ್ಯಾನೇಜರ್ ಆದಮೇಲೆ ಮಾತ್ರ ಅವಳನ್ನು ನೆನೆದರೆ ನಾಚಿಕೆ. ಏರಿದ ಏಣಿಯನ್ನು ಒದೆಯುವವರು ಒಬ್ಬಿಬ್ಬರೇ!

ಫಾರಂನಲ್ಲಿ ತಾನು ಅವಿವಾಹಿತನೆಂದೂ, ಮದುವೆಯಾದವರಿಗೆ ತೆರಿಗೆಯಲ್ಲಿ ರಿಯಾಯಿತಿ ಉಂಟೆಂದೂ ತಿಳಿದಾಗ ಶಾಂತಪ್ಪನಿಗೆ ಹೊಟ್ಟೆ ಉರಿಯಿತು. ದುಡ್ಡಿನಾಸೆ ನಾಚಿಕೆಯನ್ನು ಗೆದ್ದಿತು. ಧಣಿಗಳ ಮುಂದೆ ನಿಂತು, ‘ಒಂದು ಸಣ್ಣ ತಪ್ಪಾಗೈತೆ, ನನಗೆ ಹೆಂಡ್ತಿ ಅವ್ಳೆ’ ಎಂದ. ಒಂದು ಗೆರೆ ಎಳೆದು ತಿದ್ದಿದರೆ ಮುಗಿಯಿತು ಎಂದುಕೊಂಡಿದ್ದ.

ಪೂವಯ್ಯನವರ ಮುಖ ಸಣ್ಣಗಾಯಿತು. ‘ಬದುಕಿರೋ ಮುತ್ತೈದೇನ ಇಲ್ಲ ಅಂತ ಬರೆದುಬಿಟ್ನಲ್ಲಾ. ಫಾರಂ ಬೇರೆ ಬರೆದು ಕಳಿಸ್ತೇನೆ, ಅದು ದೊಡ್ಡದಲ್ಲ. ಭಾನುವಾರ ಆ ತಾಯೀನ ಕರ್ಕೊಂಡು ಬನ್ನಿ. ಅರಿಶಿನ ಕುಂಕುಮ ಕೊಟ್ಟು ಕಳಿಸದೆ ನಮ್ಮ ಮನೆಗೆ ಒಳ್ಳೇದಾಗಲ್ಲ.’

‘ಯಾಕ್ ಬುಡಿ ಧಣಿ, ಅವ್ಳಿಗೆ ಪುರುಸೊತ್ತಿಲ್ಲ’ ಎಂದು ಶಾಂತಪ್ಪ ಎಷ್ಟು ನುಣುಚಿಕೊಂಡರೂ ಆಗಲಿಲ್ಲ.

ಭಾನುವಾರ ಚನ್ನಬಸಮ್ಮ ಬಸ್ಸಿನಲ್ಲಿ ಬಂದಳು. ಧಾರೆ ಸೀರೆ ಉಟ್ಟಿದ್ದಳು, ಧಣಿಗಳ ಮನೆಗೆಂದು ಒಂದು ಗಂಟು ಮೆಣಸಿನಕಾಯಿ ತಂದಿದ್ದಳು. ಪೂವಯ್ಯನವರ ಹೆಂಡತಿ ನೀಲಾವತಿ ಅವಳನ್ನು ಚಾಪೆಯ ಮೇಲೆ ಕೂರಿಸಿ ಕುಂಕುಮ ಇಟ್ಟು, ಮಡಿಲಿಗೆ ಸೀರೆ ಹಾಕಿದರು. ಊರಿಗೇ ದೊಡ್ಡವರಾದ ಪೂವಯ್ಯನವರು ಎದ್ದು ನಿಂತು ಕೈ ಮುಗಿದರು. ‘ತಪ್ಪಾಯ್ತಮ್ಮ. ವಿಚಾರಿಸದೆ ಬರೆದದ್ದು ನಾನು.’

ಶಾಂತಪ್ಪ ಪಕ್ಕದ ಬೆಂಚಿನ ಮೇಲೆ ಕೂತಿದ್ದ. ತಪ್ಪು ನಿಮ್ಮದಲ್ಲ ಧಣಿ, ನನ್ನದು ಎಂಬ ಮಾತು ಬಾಯಿಯ ತನಕ ಬಂದು ಅಲ್ಲೇ ಒಣಗಿತು. ಅವನು ತನ್ನ ಬೂಟನ್ನೇ ನೋಡುತ್ತ ಕೂತ.

ಚನ್ನಬಸಮ್ಮ ಒಮ್ಮೆ ಗಂಡನನ್ನು ನೋಡಿದಳು. ಅವನು ಬಾಯಿ ಬಿಡುವುದಿಲ್ಲವೆಂದು ಗೊತ್ತಾಯಿತು. ‘ನಿಮ್ದೇನ್ ತಪ್ಪೈತೆ ಧಣೇರಾ. ನಾನೇ ಇವ್ರಿಗೆ ಹೇಳಿದ್ದೆ, ನನ್ ಇಸ್ಯ ಎಲ್ಲೂ ಎತ್ಬೇಡಿ ಅಂತ. ಸಂತೇಲಿ ಕುಂತು ಮಾರೋಳು ನಾನು, ಇವ್ರ ಮರ್ಯಾದೆಗೆ ಕಮ್ಮಿಯಾಗ್ಬಾರ್ದು ಅಂತಿದ್ದೆ.’

ಅವಳು ಹಾಗೆ ಯಾವತ್ತೂ ಹೇಳಿರಲಿಲ್ಲ. ಅದು ಅವಳಿಗೂ ಶಾಂತಪ್ಪನಿಗೂ ಇಬ್ಬರಿಗೇ ಗೊತ್ತು.

ಅವಳನ್ನು ಬಸ್ಸಿಗೆ ಬಿಡಲು ಅವನೇ ಹೋದ. ಬಸ್ಸು ಕಂಡ ಮೇಲೆ ಶಾಂತಪ್ಪ, ‘ಇಲ್ಲೇ ಇದ್ಬುಡು’ ಎಂದ.

‘ಫಾರಂಗೆ ಬೇಕಾದ್ದು ಸಿಕ್ತಲ್ಲ’ ಎಂದಳು ಚನ್ನಬಸಮ್ಮ. ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. ‘ತಪ್ಪು ಮಾಡ್ದೇ ಇರೋ ಧಣೇರು ಎದ್ದು ಕೈ ಮುಗುದ್ರು. ನಿಮ್ ಕೈ ಎಲ್ಲಿತ್ತು?’

ಬಸ್ಸು ಹತ್ತಿದವಳು ಕಿಟಕಿಯ ಕಡೆ ತಿರುಗಲಿಲ್ಲ. ಬಸ್ಸು ಹೊರಟಿತು.

ಬೀಡಾ ಅಂಗಡಿಯ ಸಿದ್ದ ಕತ್ತು ಚಾಚಿ, ‘ಯಾರು ಸಾರ್ ಅವರು?’ ಎಂದು ಕೇಳಿದ.

‘ನನ್ನ ಹೆಂಡ್ತಿ’ ಎಂದ ಶಾಂತಪ್ಪ. ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದ. ಅಷ್ಟರಲ್ಲಿ ಬಸ್ಸು ತಿರುವು ದಾಟಿ ಹೋಗಿತ್ತು.